ಜಾಲತಾಣ ಹೇಳುವ ಮನೆಬೆಲೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮ ತಂದೆ 1995ರಲ್ಲಿ ಮೈಸೂರಿನ ಕುವೆಂಪುನಗರದಲ್ಲಿ 30×40 ನಿವೇಶನದ ಮೇಲೆ ಹನ್ನೊಂದು ಚದರದ ಮನೆ ಕಟ್ಟಿಸಿದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ತಾಯಿ ಬೆಂಗಳೂರಿನಲ್ಲಿ ನನ್ನ ಜೊತೆಗಿದ್ದಾರೆ. ಆ ಮನೆಯನ್ನು ಮಾರಿ, ಬಂದ ಹಣಕ್ಕೆ ಬ್ಯಾಂಕ್ ಸಾಲ ಸೇರಿಸಿ ಕನಕಪುರ ರಸ್ತೆಯಲ್ಲಿ ಒಂದು ಫ್ಲ್ಯಾಟ್ ಕೊಳ್ಳಬೇಕೆಂದಿದ್ದೇವೆ. ಒಂದು ಆಸ್ತಿ ಜಾಲತಾಣ ನಮ್ಮ ಮನೆಗೆ 1.62 ಕೋಟಿ ರೂಪಾಯಿ ಎಂದು ಅಂದಾಜಿಸಿದೆ. ಇನ್ನೊಂದು 1.28 ಕೋಟಿ ಎನ್ನುತ್ತದೆ. ಬಡಾವಣೆಯ ದಲ್ಲಾಳಿ 1.10 ಕೋಟಿ ಬಂದರೆ ಕೊಟ್ಟುಬಿಡಿ ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ತಂಗಿ 1.62 ಕೋಟಿಗೆ ಕಡಿಮೆಯಾದರೆ ಸಹಿ ಹಾಕಲು ಒಪ್ಪುತ್ತಿಲ್ಲ. ಅತ್ತ ಫ್ಲ್ಯಾಟಿನ ಮಾಲೀಕರು 1.15 ಕೋಟಿ ಕೇಳುತ್ತಿದ್ದಾರೆ, ಅದೇ ಜಾಲತಾಣ ಅದಕ್ಕೆ 95 ಲಕ್ಷ ತೋರಿಸುತ್ತಿದೆ. ಯಾರ ಮಾತು ನಂಬುವುದು?

ಉತ್ತರ: ಮೊದಲು ನಿಮ್ಮ ತಂಗಿಯವರ ಮಾತನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅವರದು ಬರೀ ಹಟವಲ್ಲ. ಅವರು ಬದುಕುತ್ತಿರುವ ದೇಶದಲ್ಲಿ ಈ ಬಗೆಯ ಅಂಕಿಗೆ ಒಂದು ಆಧಾರವಿದೆ. ಅಲ್ಲಿನ ಆಸ್ತಿ ಜಾಲತಾಣವಾದ ಜಿಲೋ ಸಂಸ್ಥೆ 2006ರಿಂದ ‘ಜೆಸ್ಟಿಮೇಟ್’ ಎಂಬ ಹೆಸರಿನಲ್ಲಿ ಅಮೆರಿಕದ ಮನೆಗಳ ಅಂದಾಜು ಬೆಲೆಯನ್ನು ಪ್ರಕಟಿಸುತ್ತಿದೆ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಯಾವ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದು ಸಾರ್ವಜನಿಕ ದಾಖಲೆ. ನ್ಯೂಜೆರ್ಸಿಯಲ್ಲಿ ಪಕ್ಕದ ಮನೆಯವರು ಕೊಟ್ಟ ಬೆಲೆಯನ್ನು ಯಾರು ಬೇಕಾದರೂ ನೋಡಬಹುದು. ಗಣಕಕ್ಕೆ ನಿಜವಾದ ಮಾರಾಟದ ಬೆಲೆಗಳು ಸಿಕ್ಕಾಗ ಅದು ಕೊಡುವ ಅಂದಾಜಿಗೂ ಬೆಲೆ ಬರುತ್ತದೆ.

ಆದರೆ ಅಲ್ಲಿಯೂ ಎಷ್ಟು? ಸಂಸ್ಥೆಯೇ ಪ್ರಕಟಿಸುವ ಲೆಕ್ಕದಂತೆ, ಮಾರಾಟಕ್ಕೆ ಇಟ್ಟಿರುವ ಮನೆಗಳಲ್ಲಿ ಅಂದಾಜಿನ ಮಧ್ಯಾಂಕ ದೋಷ ಸುಮಾರು ಶೇ 2, ಮಾರಾಟಕ್ಕೆ ಇಡದ ಮನೆಗಳಲ್ಲಿ ಸುಮಾರು ಶೇ 7. ಮಧ್ಯಾಂಕ ಎಂದರೆ ಅರ್ಧದಷ್ಟು ಮನೆಗಳಲ್ಲಿ ತಪ್ಪು ಅದಕ್ಕಿಂತಲೂ ಹೆಚ್ಚು ಎಂದು ಅರ್ಥ. ಮಾರಾಟಕ್ಕಿಟ್ಟ ಮನೆಯ ಅಂದಾಜು ಏಕೆ ಅಷ್ಟು ಹತ್ತಿರ ಬರುತ್ತದೆ ಎಂದರೆ, ಮಾಲೀಕರು ಕೇಳುವ ಬೆಲೆಯೂ ಆಗ ಲೆಕ್ಕದೊಳಗೆ ಸೇರಿಕೊಂಡಿರುತ್ತದೆ. ಆ ಸಂಸ್ಥೆಯ ಅಂದಿನ ಮುಖ್ಯಸ್ಥ ಸ್ಪೆನ್ಸರ್ ರಾಸ್ಕಾಫ್ 2016ರಲ್ಲಿ ಸಿಯಾಟಲ್‌ನ ತಮ್ಮ ಸ್ವಂತ ಮನೆಯನ್ನು 10.5 ಲಕ್ಷ ಡಾಲರಿಗೆ ಮಾರಿದರು; ಆಗ ಅವರದೇ ಜಾಲತಾಣ ತೋರಿಸುತ್ತಿದ್ದ ಅಂದಾಜು 17.5 ಲಕ್ಷ ಡಾಲರ್. 2018ರಲ್ಲಿ ಇದೇ ಸಂಸ್ಥೆ ಗಣಕದ ಲೆಕ್ಕವನ್ನು ನೆಚ್ಚಿ ತಾನೇ ಮನೆಗಳನ್ನು ಕೊಂಡು ಮಾರುವ ವ್ಯವಹಾರಕ್ಕಿಳಿಯಿತು. ಮನೆಗಳ ಬೆಲೆಯನ್ನು ಮುಂದಾಗಿ ಊಹಿಸುವುದು ಎಣಿಸಿದ್ದಕ್ಕಿಂತ ಬಹಳ ಕಷ್ಟವಾಯಿತೆಂದು 2021ರ ನವೆಂಬರ್‌ನಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು, ಸಿಬ್ಬಂದಿಯಲ್ಲಿ ಕಾಲು ಭಾಗ ಕೆಲಸ ಕಳೆದುಕೊಂಡರು. ಇದನ್ನು ತಂಗಿಯವರಿಗೆ ಹೇಳಿ. ಅವರನ್ನು ಸೋಲಿಸುವುದಕ್ಕಲ್ಲ, ಮಾತು ಮುಂದುವರಿಯಲೆಂದು.

ಈಗ ನಮ್ಮ ಊರಿನ ವಿಚಾರ. ನಮ್ಮ ಜಾಲತಾಣಗಳ ಕೈಯಲ್ಲಿ ಹೇರಳವಾಗಿರುವ ಮಾಹಿತಿ ಎಂದರೆ ಜಾಹೀರಾತಿನ ಬೆಲೆ, ಅಂದರೆ ಮಾರುವವರು ಕೇಳುವ ಬೆಲೆ. ಕೊನೆಗೆ ಕೈಬದಲಾದ ಹಣದ ಲೆಕ್ಕ ಅವುಗಳಿಗೆ ಅಷ್ಟಾಗಿ ಸಿಗುವುದಿಲ್ಲ. ಕುವೆಂಪುನಗರದಲ್ಲಿ ನಾಲ್ಕು ಮನೆಗಳಿಗೆ ಚದರಡಿಗೆ ಇಷ್ಟು ಎಂದು ಜಾಹೀರಾತಿದ್ದರೆ, ಆ ನಾಲ್ಕೂ ಮನೆಗಳು ವರ್ಷದಿಂದ ಮಾರಾಟವಾಗದೆ ಬಿದ್ದಿದ್ದರೂ, ಅಂದಾಜು ಅವನ್ನೇ ಆಧರಿಸಿ ಮೇಲೇರುತ್ತದೆ. ನೀವು 1.62 ಕೋಟಿಯನ್ನು ನಂಬಿ ಅದೇ ಬೆಲೆಗೆ ಜಾಹೀರಾತು ಕೊಟ್ಟರೆ, ನಾಳೆ ನಿಮ್ಮ ಪಕ್ಕದ ಮನೆಯವರಿಗೆ ಸಿಗುವ ಅಂದಾಜಿನಲ್ಲಿ ನಿಮ್ಮ ಅಂಕಿಯೂ ಸೇರಿರುತ್ತದೆ. ಒಂದು ಪೈಸೆ ಕೈಬದಲಾಗದೆ ಇಡೀ ಬೀದಿಯ ಬೆಲೆ ಹೀಗೆ ಏರಬಲ್ಲದು.

ಹಾಗಾದರೆ ನೋಂದಣಿಯಾದ ಬೆಲೆಯನ್ನೇ ನೋಡೋಣವೆಂದರೆ ಅಲ್ಲೂ ಒಂದು ತೊಡಕಿದೆ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಸರ್ಕಾರದ ಮಾರ್ಗಸೂಚಿ ಮೌಲ್ಯವನ್ನಷ್ಟೇ (ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಚಾಳಿ ನಮ್ಮಲ್ಲಿ ದಶಕಗಳಿಂದ ಇದೆ. ಹೀಗಾಗಿ ಜಾಹೀರಾತಿನ ಬೆಲೆ ನಿಜಕ್ಕಿಂತ ಮೇಲೆ, ಕ್ರಯಪತ್ರದ ಬೆಲೆ ಅನೇಕ ಸಲ ನಿಜಕ್ಕಿಂತ ಕೆಳಗೆ. ನಿಜ ಬೆಲೆ ಈ ಎರಡರ ನಡುವೆ ಎಲ್ಲೋ ಇರುತ್ತದೆ, ಅದನ್ನು ಕೈಯಾರೆ ಹುಡುಕಬೇಕು.

ಇನ್ನು, ಎರಡು ಜಾಲತಾಣಗಳ ನಡುವೆ 34 ಲಕ್ಷದ ಅಂತರ ಹೇಗೆ ಬಂತು? ನೀವು ತುಂಬಿದ ಅರ್ಜಿಗಳನ್ನು ಮತ್ತೊಮ್ಮೆ ತೆರೆದು ನೋಡಿ. ಒಂದರಲ್ಲಿ ನಿವೇಶನದ ಅಳತೆ 1,200 ಚದರಡಿ ಎಂದೂ ಇನ್ನೊಂದರಲ್ಲಿ ಕಟ್ಟಡದ ಅಳತೆ 1,100 ಚದರಡಿ ಎಂದೂ ತುಂಬಿರಬಹುದು. ಅದಕ್ಕಿಂತ ದೊಡ್ಡ ಸಂಗತಿ, ಬಹಳಷ್ಟು ಲೆಕ್ಕಗಳು ಬಡಾವಣೆ, ಅಳತೆ, ಮಲಗುವ ಕೋಣೆಗಳ ಸಂಖ್ಯೆ, ಮನೆಯ ವಯಸ್ಸು ಇಷ್ಟನ್ನೇ ಕೇಳಿ ಸರಾಸರಿ ದರದಿಂದ ಗುಣಿಸುತ್ತವೆ. ಫ್ಲ್ಯಾಟಿಗೆ ಇದು ಒಂದು ಮಟ್ಟಿಗೆ ನಡೆಯುತ್ತದೆ. ಸ್ವತಂತ್ರ ಮನೆಗೆ ನಡೆಯುವುದಿಲ್ಲ, ಏಕೆಂದರೆ ಸ್ವತಂತ್ರ ಮನೆಯಲ್ಲಿ ನೆಲದ ಬೆಲೆ ಏರುತ್ತಾ ಹೋಗುತ್ತದೆ, ಕಟ್ಟಡದ ಬೆಲೆ ಇಳಿಯುತ್ತಾ ಹೋಗುತ್ತದೆ. ಇವೆರಡನ್ನು ಬೇರೆ ಮಾಡದೆ ಲೆಕ್ಕ ಹಾಕಿದರೆ ಬರುವ ಅಂಕಿಗೆ ತಲೆಬುಡ ಇರುವುದಿಲ್ಲ.

ಬ್ಯಾಂಕಿಗಾಗಿ ಮೌಲ್ಯಮಾಪನ ಮಾಡುವ ನಾವು ಹೇಗೆ ಲೆಕ್ಕ ಹಾಕುತ್ತೇವೆಂದು ನಿಮ್ಮ ಮನೆಯನ್ನೇ ಇಟ್ಟುಕೊಂಡು ತೋರಿಸುತ್ತೇನೆ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಬೀದಿಯ ದರವನ್ನು ನೀವು ಹುಡುಕಿ ತುಂಬಬೇಕು. ನಿಮ್ಮ ಅಡ್ಡರಸ್ತೆಯಲ್ಲಿ ಇತ್ತೀಚೆಗೆ ನಿಜವಾಗಿ ವ್ಯಾಪಾರವಾದ ದರ ಚದರಡಿಗೆ 9,000 ರೂಪಾಯಿ ಎಂದುಕೊಳ್ಳಿ. 1,200 ಚದರಡಿಗೆ 1.08 ಕೋಟಿ. ಇದು ನೆಲ. ಇಂಥದೇ ಮನೆಯನ್ನು ಇಂದು ಕಟ್ಟಲು ಚದರಡಿಗೆ 2,000 ರೂಪಾಯಿ ತಗಲುತ್ತದೆ ಎಂದರೆ 1,100 ಚದರಡಿಗೆ 22 ಲಕ್ಷ. ಆರ್‌ಸಿಸಿ ತಾರಸಿಯ ಮನೆಗೆ ಅರವತ್ತು ವರ್ಷ ಆಯಸ್ಸು, ಕೊನೆಯಲ್ಲಿ ಶೇ 10ರಷ್ಟು ಉಳಿಕೆ ಬೆಲೆ ಎಂದು ಹಿಡಿದರೆ, ಮೂವತ್ತು ವರ್ಷಕ್ಕೆ ಶೇ 45 ಸವಕಳಿ. ಉಳಿದದ್ದು ಸುಮಾರು 12 ಲಕ್ಷ. ಎರಡೂ ಸೇರಿ 1.20 ಕೋಟಿ.

ಕೊಳ್ಳುವವರು ಈ ಮನೆಯಲ್ಲಿ ವಾಸ ಮಾಡುವವರೋ, ಕೆಡವಿ ಬಾಡಿಗೆಗೆ ಮೂರು ಅಂತಸ್ತು ಕಟ್ಟುವವರೋ ಎಂಬುದನ್ನೂ ಕೇಳಿಕೊಳ್ಳಿ. ಕೆಡವುವವರಿಗೆ ಆ 12 ಲಕ್ಷ ಶೂನ್ಯ. ಕೆಡವುವ ಖರ್ಚು ಬೇರೆ. ನಿಮ್ಮ ದಲ್ಲಾಳಿ ಹೇಳಿದ 1.10 ಕೋಟಿ ಈ ಎರಡನೆಯ ಬಗೆಯ ಗಿರಾಕಿಯ ಬೆಲೆ ಎಂದು ನನಗೆ ಅನ್ನಿಸುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಬೇಗ ಮುಗಿಯುವ ವ್ಯಾಪಾರವನ್ನು ಹೇಳುತ್ತಿದ್ದಾರೆ.

ಸ್ಥಳಕ್ಕೆ ಹೋದಾಗ ನಾವು ನೋಡುವ ಕೆಲವು ಸಂಗತಿಗಳನ್ನು ನೀವೇ ಒಂದು ಭಾನುವಾರ ಹೋಗಿ ನೋಡಬಹುದು. ಟೇಪು ಹಿಡಿದು ನಿವೇಶನದ ನಾಲ್ಕೂ ಬದಿ ಅಳೆಯಿರಿ. ಹಕ್ಕುಪತ್ರದಲ್ಲಿ 40 ಅಡಿ ಇರುವುದು ಪಕ್ಕದವರ ಕಾಂಪೌಂಡ್ ಒಳಸರಿದು 39 ಅಡಿ ಆಗಿರುವುದು ಅಪರೂಪವಲ್ಲ. ಒಂದಡಿ ಹೋದರೆ 30 ಚದರಡಿ, ಮೇಲಿನ ದರದಲ್ಲಿ 2.7 ಲಕ್ಷ ರೂಪಾಯಿ. ಚೆಕ್ಕುಬಂದಿಯಲ್ಲಿ ಬರೆದಿರುವ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಇಂದಿನ ನೆಲಕ್ಕೆ ತಾಳೆಯಾಗುತ್ತವೆಯೇ ನೋಡಿ. ಮಂಜೂರಾದ ನಕ್ಷೆಯಲ್ಲಿ ಬಿಟ್ಟಿದ್ದ ಜಾಗದ ಮೇಲೆ ಆಮೇಲೆ ಕೋಣೆಯನ್ನೋ ಮೆಟ್ಟಿಲನ್ನೋ ಕಟ್ಟಿಸಿದ್ದರೆ, ಕೊಳ್ಳುವವರ ಬ್ಯಾಂಕು ಆ ಭಾಗಕ್ಕೆ ಬೆಲೆ ಕಟ್ಟದೇ ಇರಬಹುದು. ಓವರ್‌ಹೆಡ್ ಟ್ಯಾಂಕಿನ ಕೆಳಗಿನ ತಾರಸಿಯಲ್ಲಿ ತೇವದ ಕಲೆ ಇದೆಯೇ, ಕಿಟಕಿಯ ಲಿಂಟಲ್ ಮೇಲೆ ಓರೆಯಾದ ಬಿರುಕು ಇದೆಯೇ, ರಸ್ತೆ 20 ಅಡಿಯದೋ 40 ಅಡಿಯದೋ, ಎದುರಿಗೆ ಬೀದಿಕುತ್ತು (ನೇರವಾಗಿ ಮನೆಗೇ ಬಂದು ಮುಟ್ಟುವ ರಸ್ತೆ) ಇದೆಯೇ, ಮನೆ ಪೂರ್ವಾಭಿಮುಖವೋ ದಕ್ಷಿಣಾಭಿಮುಖವೋ. ವಾಸ್ತುವನ್ನು ನೀವು ನಂಬಬೇಕಾಗಿಲ್ಲ, ಕೊಳ್ಳುವವರು ನಂಬುತ್ತಾರೆ ಎಂಬುದಷ್ಟೇ ಬೆಲೆಯ ಮೇಲೆ ಪರಿಣಾಮ ಬೀರಲು ಸಾಕು. ಜಾಲತಾಣ ಇವುಗಳಲ್ಲಿ ಎಷ್ಟನ್ನು ಕೇಳಿತು?

ಬೀದಿಯ ನಿಜ ದರ ಹುಡುಕಲು ನಾನು ಹೆಚ್ಚು ನೆಚ್ಚುವ ದಾರಿ ಋಣಭಾರ ಪ್ರಮಾಣಪತ್ರ (ಇಸಿ), ಅಂದರೆ ಒಂದು ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ನಿಮ್ಮ ಅಕ್ಕಪಕ್ಕದಲ್ಲಿ ಕಳೆದ ಒಂದೆರಡು ವರ್ಷಗಳಲ್ಲಿ ಮಾರಾಟವಾದ ಮನೆಗಳನ್ನು ನೆರೆಯವರಿಂದ, ಹಾಲಿನ ಅಂಗಡಿಯವರಿಂದ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರಿಂದ ತಿಳಿದುಕೊಂಡು, ಆ ನಿವೇಶನಗಳ ಸಂಖ್ಯೆ ಬರೆದುಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ನಿಗದಿತ ಶುಲ್ಕ ಕಟ್ಟಿ ಅವುಗಳ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದರಲ್ಲಿ ಕ್ರಯದ ದಿನಾಂಕದ ಜೊತೆಗೆ ಪ್ರತಿಫಲದ ಮೊತ್ತವೂ, ಅಂದರೆ ಬರೆಸಿದ ಕ್ರಯದ ಬೆಲೆಯೂ, ಇರುತ್ತದೆ. ಮೇಲೆ ಹೇಳಿದ ನಗದಿನ ತೊಡಕನ್ನು ದಾಟಲು ಒಂದು ಉಪಾಯವಿದೆ: ಕ್ರಯದ ಬೆನ್ನಿಗೇ ಬ್ಯಾಂಕಿನ ಅಡಮಾನದ ನಮೂದು ಇರುವ ವ್ಯವಹಾರಗಳಿಗೆ ಹೆಚ್ಚು ತೂಕ ಕೊಡಿ. ಸಾಲ ಮಾಡಿ ಕೊಂಡವರಿಗೆ ಕ್ರಯಪತ್ರದಲ್ಲಿ ಪೂರ್ತಿ ಬೆಲೆ ಬರೆಸುವುದೇ ಲಾಭ, ಏಕೆಂದರೆ ಬರೆಸಿದ ಬೆಲೆಯ ಮೇಲೆಯೇ ಸಾಲ ಸಿಗುತ್ತದೆ. ಇಂಥ ಮೂರು ವ್ಯವಹಾರ ಸಿಕ್ಕಿದರೆ ನಿಮ್ಮ ಕೈಯಲ್ಲಿರುವ ಮಾಹಿತಿ ಯಾವ ಜಾಲತಾಣದ ಲೆಕ್ಕಕ್ಕಿಂತಲೂ ಗಟ್ಟಿ.

ಜಾಲತಾಣವನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಅದರ ಅಂದಾಜಿಗಿಂತ ಅದರ ಜಾಹೀರಾತುಗಳು ಹೆಚ್ಚು ಉಪಯುಕ್ತ. ಎರಡು ತಿಂಗಳು ಕುವೆಂಪುನಗರ, ಸರಸ್ವತಿಪುರಂ, ರಾಮಕೃಷ್ಣನಗರದ 30×40 ಮನೆಗಳ ಜಾಹೀರಾತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವುದು ಬೇಗ ಮಾಯವಾಯಿತು, ಯಾವುದು ಬೆಲೆ ಇಳಿಸಿಕೊಂಡು ಮತ್ತೆ ಬಂತು, ಯಾವುದು ಅಲ್ಲೇ ಕುಳಿತಿದೆ ಎಂದು ಗುರುತು ಮಾಡಿ. ಬೆಲೆ ಯಾವ ಮಟ್ಟದಲ್ಲಿ ಗಿರಾಕಿಗಳು ಕದಲುತ್ತಾರೆ ಎಂಬುದು ಆ ಪುಸ್ತಕದಲ್ಲಿ ಕಾಣುತ್ತದೆ. ರಿಸರ್ವ್ ಬ್ಯಾಂಕ್ ಮತ್ತು ರಾಷ್ಟ್ರೀಯ ವಸತಿ ಬ್ಯಾಂಕ್ ಪ್ರತಿ ತ್ರೈಮಾಸಿಕಕ್ಕೆ ಪ್ರಕಟಿಸುವ ಮನೆಬೆಲೆ ಸೂಚ್ಯಂಕಗಳೂ ಇವೆ. ಮಾರುಕಟ್ಟೆಯ ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಅವು ಸರಿ, ನಿಮ್ಮ ಅಡ್ಡರಸ್ತೆಯ ಬೆಲೆಯನ್ನು ಅವು ಹೇಳಲಾರವು.

ಮಾರ್ಗಸೂಚಿ ಮೌಲ್ಯವನ್ನು ತಪ್ಪದೆ ನೋಡಿ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಇದನ್ನು ಪರಿಷ್ಕರಿಸಿ ಏರಿಸಲಾಯಿತು, ಹಳೆಯ ಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ. ಇದು ಮಾರುಕಟ್ಟೆಯ ಬೆಲೆಯಲ್ಲ, ಆದರೆ ನಿಮ್ಮ ಬೆಲೆಗೆ ಒಂದು ತಳವನ್ನು ಹಾಕುತ್ತದೆ. ಮಾರಿದ ಬೆಲೆಗಿಂತ ಮಾರ್ಗಸೂಚಿ ಮೌಲ್ಯ ಶೇ 10ಕ್ಕಿಂತ ಹೆಚ್ಚಾಗಿದ್ದರೆ, ಆದಾಯ ತೆರಿಗೆಯವರು ಮಾರ್ಗಸೂಚಿ ಮೌಲ್ಯಕ್ಕೇ ಮಾರಿದಿರೆಂದು ಲೆಕ್ಕ ಹಾಕುತ್ತಾರೆ. ನೀವು 1.20 ಕೋಟಿಗೆ ಮಾರುವುದಾದರೆ ಆ ಮೌಲ್ಯ 1.32 ಕೋಟಿ ದಾಟಿರಬಾರದು. ದಾಟಿದ್ದರೆ ಕೊಂಡವರಿಗೂ ವ್ಯತ್ಯಾಸದ ಮೇಲೆ ತೆರಿಗೆ ಬೀಳುತ್ತದೆ, ಅವರ ಲೆಕ್ಕಪರಿಶೋಧಕರು ವ್ಯಾಪಾರವನ್ನೇ ಬೇಡವೆನ್ನಬಹುದು. ನಗದಿನ ಮಾತು ಯಾರಾದರೂ ಎತ್ತಿದರೆ ಕೇಳಲೇಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಈಗ ಮನೆಯವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ತಂದೆಯ ಸ್ವಯಾರ್ಜಿತ ಆಸ್ತಿ, ಉಯಿಲು ಬರೆದಿಲ್ಲ, ಅಜ್ಜಿ ಬದುಕಿಲ್ಲ, ನೀವಿಬ್ಬರೇ ಮಕ್ಕಳು ಎಂದಾದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಾಯಿ, ನೀವು, ತಂಗಿ ಮೂವರಿಗೂ ಸಮಪಾಲು. ತಂಗಿಯ ಸಹಿ ಇಲ್ಲದೆ ಕ್ರಯವಾಗುವುದಿಲ್ಲ, ಆಗಲೂಬಾರದು. ಊರಿನಲ್ಲಿರುವ ಅಣ್ಣ ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾನೇನೋ ಎಂಬ ಅಳುಕು ದೂರದಲ್ಲಿರುವವರಿಗೆ ಸಹಜ. ಅವರ ಕೈಗೆ ಸಿಗುವ ಏಕೈಕ ಸಾಕ್ಷಿ ಫೋನಿನ ಪರದೆಯ ಆ ಅಂಕಿ. ಅದಕ್ಕಿಂತ ಉತ್ತಮವಾದ ಸಾಕ್ಷಿಯನ್ನು ನೀವು ಅವರ ಕೈಗೆ ಕೊಡಬೇಕು. ನೋಂದಾಯಿತ ಮೌಲ್ಯಮಾಪಕರೊಬ್ಬರನ್ನು ಗೊತ್ತುಮಾಡಿ, ಅವರ ಹೆಸರನ್ನು ತಂಗಿಯೇ ಆರಿಸಿದರೂ ಸರಿ, ಬರವಣಿಗೆಯ ವರದಿ ತರಿಸಿ ಮೂವರಿಗೂ ಒಂದೇ ದಿನ ಕಳುಹಿಸಲು ಹೇಳಿ. ನೆಲದ ದರಕ್ಕೆ ಯಾವ ವ್ಯವಹಾರಗಳನ್ನು ಆಧಾರ ಮಾಡಿಕೊಂಡರು, ಸವಕಳಿ ಎಷ್ಟು ಕಳೆದರು ಎಂಬುದು ಆ ವರದಿಯಲ್ಲಿ ಇರಲೇಬೇಕು. ಬರೀ ಕೊನೆಯ ಅಂಕಿ ಬರೆದು ಮೊಹರು ಒತ್ತಿದ ವರದಿಯನ್ನು ಒಪ್ಪಿಕೊಳ್ಳಬೇಡಿ. ತಂಗಿ ಪ್ರಶ್ನೆ ಕೇಳಲಿ, ಮೌಲ್ಯಮಾಪಕರು ಉತ್ತರಿಸಲಿ.

ಅದೇ ಮೌಲ್ಯಮಾಪಕರಿಂದ 2001ರ ಏಪ್ರಿಲ್ 1ರಂದು ಮನೆಯ ಬೆಲೆ ಎಷ್ಟಿತ್ತು ಎಂಬ ವರದಿಯನ್ನೂ ಪಡೆದುಕೊಳ್ಳಿ. ಅದಕ್ಕೂ ಮುಂಚಿನ ಆಸ್ತಿಗಳಿಗೆ ಆ ದಿನದ ಬೆಲೆಯನ್ನು, ಅಂದಿನ ಮಾರ್ಗಸೂಚಿ ಮೌಲ್ಯವನ್ನು ಮೀರದಂತೆ, ಲಾಭದ ತೆರಿಗೆಯ ಲೆಕ್ಕದಲ್ಲಿ ಮೂಲ ವೆಚ್ಚವೆಂದು ತೋರಿಸಬಹುದು. 2024ರ ಜುಲೈ 23ರ ನಂತರದ ಮಾರಾಟಗಳಿಗೆ ದೀರ್ಘಾವಧಿ ಲಾಭದ ಮೇಲೆ ಶೇ 12.5 ತೆರಿಗೆ. ಭಾರತದ ನಿವಾಸಿಗಳು ಹಳೆಯ ಆಸ್ತಿಗೆ ಬೆಲೆಯೇರಿಕೆಯ ಹೊಂದಾಣಿಕೆ ಮಾಡಿ ಶೇ 20ರ ಲೆಕ್ಕದಲ್ಲಿ ಕಡಿಮೆ ಬಂದರೆ ಅದನ್ನೇ ಕಟ್ಟಬಹುದು. ತಂಗಿ ಅನಿವಾಸಿಯಾದರೆ ಅವರಿಗೆ ಈ ಆಯ್ಕೆ ಇಲ್ಲ. ಜೊತೆಗೆ, ಕೊಳ್ಳುವವರು ನಿಮ್ಮ ಮತ್ತು ತಾಯಿಯ ಪಾಲಿನಲ್ಲಿ ಮೂಲದಲ್ಲೇ ತೆರಿಗೆಯಾಗಿ (ಟಿಡಿಎಸ್) ಶೇ 1 ಹಿಡಿದರೆ ತಂಗಿಯ ಪಾಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಹಿಡಿಯಬೇಕಾಗುತ್ತದೆ. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯುವ ದಾರಿ ಇದೆ, ಅದನ್ನು ಕ್ರಯಕ್ಕೆ ಮುಂಚೆಯೇ ಮಾಡಿಸಬೇಕು. ಸಮಪಾಲಾದರೂ ಕೈಗೆ ಬರುವ ಮೊತ್ತ ಸಮವಾಗಿರುವುದಿಲ್ಲ. ಅದನ್ನು ಮೊದಲೇ ಹೇಳದಿದ್ದರೆ ಆಮೇಲೆ ಮನಸ್ತಾಪ ಖಂಡಿತ.

ಮನೆಯನ್ನು ಮಾರಾಟಕ್ಕಿಡುವ ಮುನ್ನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ ಇ-ಖಾತೆ ಪಡೆದುಕೊಳ್ಳಿ, ಈಗ ಅದಿಲ್ಲದೆ ನೋಂದಣಿಯಾಗುವುದಿಲ್ಲ. ಕಾಗದಪತ್ರ ಸಿದ್ಧವಿರುವ ಮನೆಗೆ ಗಿರಾಕಿ ಚೌಕಾಶಿ ಮಾಡುವುದು ಕಡಿಮೆ. ಮೇಲಿನ ಲೆಕ್ಕ ನಿಮ್ಮ ಬೀದಿಗೆ ಸರಿಹೊಂದಿದರೆ ನಾನಾಗಿದ್ದರೆ 1.27 ಕೋಟಿ ಹೇಳಿ 1.20ರ ಆಸುಪಾಸಿನಲ್ಲಿ ಮುಗಿಸುತ್ತಿದ್ದೆ. 1.62 ಎಂದು ಹೇಳಿದರೆ 1.20 ಕೊಡಬಲ್ಲವರು ಫೋನೇ ಮಾಡುವುದಿಲ್ಲ. ಆರು ತಿಂಗಳಾದ ಮೇಲೆ ನೀವು ಬೆಲೆ ಇಳಿಸಿದಾಗ, ಮನೆಯಲ್ಲಿ ಏನೋ ತಕರಾರಿದೆ ಎಂದು ಬಡಾವಣೆಯಲ್ಲೆಲ್ಲ ಮಾತು ಹಬ್ಬಿರುತ್ತದೆ.

ಫ್ಲ್ಯಾಟಿನ ವಿಚಾರದಲ್ಲಿ ಜಾಲತಾಣದ ಅಂಕಿಗೆ ಸ್ವಲ್ಪ ಹೆಚ್ಚು ಮರ್ಯಾದೆ ಕೊಡಬಹುದು. ಒಂದೇ ನಕ್ಷೆಯ ನೂರಾರು ಮನೆಗಳಿರುವ ಸಮುಚ್ಚಯವಾದರೆ ಹೋಲಿಕೆ ಸುಲಭ. ಆದರೂ 95 ಲಕ್ಷದ ಅಂಕಿ ಯಾವ ಅಳತೆಯ ಮೇಲೆ ಬಂತು ನೋಡಿ. ಸೂಪರ್ ಬಿಲ್ಟ್‌ಅಪ್ ಅಳತೆಯ (ಮೆಟ್ಟಿಲು, ಲಿಫ್ಟಿನಂಥ ಸಾಮೂಹಿಕ ಜಾಗವೂ ಸೇರಿದ್ದು) ದರವನ್ನು ಕಾರ್ಪೆಟ್ ಅಳತೆಯ (ಮನೆಯೊಳಗಿನ ನೆಲ ಮಾತ್ರ) ಮೇಲೆ ಹಾಕಿದರೆ ಬೆಲೆ ತಾನಾಗಿ ಕುಸಿಯುತ್ತದೆ. ಕನಕಪುರ ರಸ್ತೆಯಲ್ಲಿ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಬಹುದಾದ ಸಮುಚ್ಚಯಕ್ಕೂ ಎರಡು ಕಿಲೋಮೀಟರ್ ಒಳಗಿರುವುದಕ್ಕೂ ಪಿನ್‌ಕೋಡ್ ಒಂದೇ ಇರಬಹುದು, ಬೆಲೆ ಒಂದೇ ಇರುವುದಿಲ್ಲ. ನೆಲದಲ್ಲಿ ನಿಮಗೆ ಬರುವ ಅವಿಭಜಿತ ಪಾಲು ಎಷ್ಟು, ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ನೀರು ತರಿಸುತ್ತಾರೆ, ನಿರ್ವಹಣಾ ಶುಲ್ಕ ಎಷ್ಟು, ಕಟ್ಟಡದಲ್ಲಿ ವಾಸಿಸಬಹುದೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ (ಒಸಿ) ಸಿಕ್ಕಿದೆಯೇ, ಇವನ್ನು ಸಮುಚ್ಚಯದ ಸಂಘದ ಕಾರ್ಯದರ್ಶಿಯನ್ನೇ ಕೇಳಿ.

ಚೌಕಾಶಿಯಲ್ಲಿ ಫೋನಿನ ಪರದೆ ತೋರಿಸಿದರೆ ಮಾಲೀಕರು ಇನ್ನೊಂದು ಜಾಲತಾಣದ ಪರದೆ ತೋರಿಸುತ್ತಾರೆ. ಅದೇ ಸಮುಚ್ಚಯದ ಇನ್ನೊಂದು ಮನೆಯ ಋಣಭಾರ ಪ್ರಮಾಣಪತ್ರ ತೆಗೆಸಿ, ‘ನಿಮ್ಮ ಮೇಲಿನ ಮಹಡಿಯ ಮನೆ ಕಳೆದ ವರ್ಷ ಇಷ್ಟಕ್ಕೆ ನೋಂದಣಿಯಾಗಿದೆ ಸಾರ್, ಅವರೂ ಸಾಲ ಮಾಡಿಯೇ ಕೊಂಡಿದ್ದಾರೆ’ ಎಂದು ಹೇಳಿದರೆ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಇದಕ್ಕೂ ಮೀರಿ ಒಂದು ಲೆಕ್ಕವನ್ನು ಮಾಡಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕೆ ಮೇಲಿನ ಗೃಹಸಾಲಕ್ಕೆ ಆಸ್ತಿಯ ಮೌಲ್ಯದ ಶೇ 75ರವರೆಗೆ, 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ 80ರವರೆಗೆ ಕೊಡಬಹುದು. ಕರಾರಿನ ಬೆಲೆ, ತಮ್ಮ ಮೌಲ್ಯಮಾಪಕರು ಕಟ್ಟಿದ ಬೆಲೆ, ಎರಡರಲ್ಲಿ ಕಡಿಮೆ ಇರುವುದನ್ನು ಬ್ಯಾಂಕುಗಳು ಸಾಮಾನ್ಯವಾಗಿ ಹಿಡಿಯುತ್ತವೆ. ನೀವು 1.15 ಕೋಟಿಗೆ ಒಪ್ಪಿ, ಶೇ 75ರ ಲೆಕ್ಕದಲ್ಲಿ 86.25 ಲಕ್ಷ ಸಾಲ ಸಿಗುತ್ತದೆಂದುಕೊಂಡಿರುತ್ತೀರಿ. ಬ್ಯಾಂಕಿನವರು ಮನೆಯನ್ನು 1 ಕೋಟಿ ಎಂದು ಕಟ್ಟಿದರೆ ಸಾಲ 75 ಲಕ್ಷಕ್ಕೆ ಇಳಿಯುತ್ತದೆ, 11.25 ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ ಉಪಕರ, ಅಧಿಭಾರ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. 1.15 ಕೋಟಿಗೆ ಇವೆರಡೂ ಸೇರಿ 8.74 ಲಕ್ಷ, ಇದನ್ನು ಬ್ಯಾಂಕು ಆಸ್ತಿಯ ಮೌಲ್ಯಕ್ಕೆ ಸೇರಿಸುವುದಿಲ್ಲ. ಮೈಸೂರಿನ ಮನೆಯ ಹಣದಲ್ಲಿ ತಂಗಿಯ ಪಾಲು ಹೋದ ಮೇಲೆ ನಿಮಗೂ ತಾಯಿಗೂ ಉಳಿಯುವುದು ಇದಕ್ಕೆಲ್ಲ ಸಾಕೇ ಎಂದು ಈಗಲೇ ನೋಡಿ.

ಆದ್ದರಿಂದ ಫ್ಲ್ಯಾಟಿಗೆ ದೊಡ್ಡ ಮುಂಗಡ ಕೊಡಲು ಆತುರಪಡಬೇಡಿ. ಬ್ಯಾಂಕಿನ ಮೌಲ್ಯಮಾಪನ ಕರಾರಿನ ಬೆಲೆಗಿಂತ ಕಡಿಮೆ ಬಂದರೆ ಮುಂಗಡವನ್ನು ಇಂತಿಷ್ಟು ದಿನದೊಳಗೆ ಹಿಂದಿರುಗಿಸತಕ್ಕದ್ದು ಎಂಬ ಷರತ್ತನ್ನು ಕರಾರುಪತ್ರದಲ್ಲಿ ಬರೆಸಿ. ಮಾಲೀಕರು ಅದಕ್ಕೆ ಒಪ್ಪದಿದ್ದರೆ, ಮೊದಲು ನಿಮ್ಮ ಬ್ಯಾಂಕಿಗೆ ಆಸ್ತಿಯ ಕಾಗದಗಳನ್ನು ಕೊಟ್ಟು ಅವರ ಮೌಲ್ಯಮಾಪಕರು ಬಂದು ನೋಡಿ ಹೋಗುವವರೆಗೆ ಕಾಯಿರಿ. ಮೈಸೂರಿನ ಮನೆಗೆ ಕರಾರಾಗಿ ಅದರ ಮುಂಗಡ ನಿಮ್ಮ ಖಾತೆಗೆ ಬಂದ ಮೇಲೆಯೇ ಇಲ್ಲಿನ ಕರಾರಿಗೆ ಸಹಿ ಹಾಕಿ.